ಬೆಂಕಿ ಬೀಳುವ ಮುನ್ನ ತೋಡಿದ ಬಾವಿ

ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ನಮ್ಮ ಗಾದೆ ಮೊದಲಿನಿಂದಲೂ ಹಾಸ್ಯ ಮಾಡುತ್ತ ಬಂದಿದೆ. ಆದರೆ ಆ ಗಾದೆ ಹೇಳದೆ ಬಿಟ್ಟ ಮಾತೊಂದುಂಟು. ಬಾವಿಯನ್ನು ಮೊದಲೇ ತೋಡಿಟ್ಟವನು ಆಮೇಲೆ ಅದರ ಹೂಳು ತೆಗೆಯದೆ, ಹಗ್ಗ ಬದಲಿಸದೆ, ಹತ್ತು ವರ್ಷ ಅತ್ತ ತಿರುಗಿಯೂ ನೋಡದೆ ಇದ್ದರೆ, ಬೆಂಕಿ ಬಿದ್ದ ದಿನ ಅವನಿಗೂ ಬಾವಿಯೇ ಇಲ್ಲದವನಿಗೂ ಏನು ವ್ಯತ್ಯಾಸ? ಇದ್ದರೆ ಇಷ್ಟೇ: ಬಾವಿ ಇಲ್ಲದವನು ಮನೆ ಬಿಟ್ಟು ಓಡುತ್ತಾನೆ, ಬಾವಿಯುಳ್ಳವನು ಅದನ್ನು ನಂಬಿ ಅಲ್ಲಿಯೇ ನಿಲ್ಲುತ್ತಾನೆ. ತೋಡುವುದು ಒಂದು ದಿನದ ಉತ್ಸಾಹ. ಕಾಪಾಡಿಕೊಳ್ಳುವುದು ವರ್ಷವರ್ಷದ ಬೇಸರದ ಕೆಲಸ. ಚರಿತ್ರೆಯ ಪುಸ್ತಕಗಳು ಬಾವಿ ತೋಡಿಸಿದವರ ಹೆಸರನ್ನು ಬರೆಯುತ್ತವೆಯೇ ಹೊರತು ಹೂಳು ತೆಗೆದವರ ಹೆಸರನ್ನು ಬರೆಯುವುದಿಲ್ಲ.

ಇಂಥ ಹೂಳು ತೆಗೆಯುವ ಕೆಲಸವೊಂದರ ಚರಿತ್ರೆಯನ್ನು ಇಲ್ಲಿ ಹೇಳಬೇಕಾಗಿದೆ. ವಿಷಯ ನಮ್ಮ ವಾಚಕರಿಗೆ ತುಸು ದೂರದ್ದು. ಮೋಟಾರು ಪಂದ್ಯಗಳಿಗೆ ಸಂಬಂಧಿಸಿದ್ದು. ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಕಾರುಗಳನ್ನು ದೂರದರ್ಶನದಲ್ಲಿ ನಾವೆಲ್ಲ ನೋಡಿದ್ದೇವೆ. ಆ ಕಾರಿನ ಒಡಲಿನಲ್ಲಿ, ಚಾಲಕನ ಕಾಲ ಬಳಿಯೋ ಪೀಠದ ಬಳಿಯೋ, ಒಂದು ಪುಟ್ಟ ಲೋಹದ ಪಾತ್ರೆ ಬಿಗಿದು ಕುಳಿತಿರುತ್ತದೆ. ಅದರಿಂದ ಹೊರಟ ಸಣ್ಣ ಕೊಳವೆಗಳಲ್ಲಿ ಒಂದು ಚಾಲಕನ ಗೂಡಿಗೂ ಇನ್ನೊಂದು ಎಂಜಿನ್ನಿನ ಕಡೆಗೂ ಹೋಗಿರುತ್ತವೆ. ಬೆಂಕಿ ಹತ್ತಿದಾಗ ಚಾಲಕ ಒಂದು ಗುಂಡಿಯನ್ನು ಒತ್ತಿದರೆ, ಅಥವಾ ಹೊರಗಿನವನೊಬ್ಬ ಒಂದು ಹಿಡಿಯನ್ನು ಎಳೆದರೆ, ಪಾತ್ರೆಯಲ್ಲಿರುವುದೆಲ್ಲ ಎರಡೂ ಕಡೆ ಚಿಮ್ಮುತ್ತದೆ. ಪಂದ್ಯದವರು ಇದನ್ನು ಬಾಟಲಿ ಎಂದೇ ಕರೆಯುತ್ತಾರೆ. ಬಳಸಿದರೂ ಸರಿ, ಬಳಸದಿದ್ದರೂ ಸರಿ, ಅವಧಿ ಮುಗಿಯುವುದರೊಳಗೆ ಆ ಬಾಟಲಿಯನ್ನು ಬಿಚ್ಚಿ ಪರೀಕ್ಷೆಗೆ ಒಪ್ಪಿಸಿ, ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿಸಿಕೊಂಡು ಬರಬೇಕು. ನೋಡಲು ಇದು ಬರಿಯ ಗ್ಯಾರೇಜಿನ ಕೆಲಸ. ಆದರೆ ಈ ಕೆಲಸ ಹುಟ್ಟಿದ್ದು ಹೇಗೆಂದು ಕೇಳಿದರೆ ಹಲವು ಚಿತೆಗಳನ್ನು ದಾಟಿ ಹಿಂದಕ್ಕೆ ಹೋಗಬೇಕಾಗುತ್ತದೆ.

ಬಾಟಲಿಯ ಮೂಲ ಕಲ್ಪನೆ ಮೋಟಾರಿಗಿಂತ ಹಳೆಯದು. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಕ್ಯಾಪ್ಟನ್ ಜಾರ್ಜ್ ವಿಲಿಯಂ ಮ್ಯಾನ್ಬಿ ಎಂಬಾತ, ಒಡೆದ ಹಡಗುಗಳಿಂದ ಜನರನ್ನು ಉಳಿಸಲು ದಡದಿಂದ ಹಗ್ಗ ಹಾರಿಸುವ ಫಿರಂಗಿಯನ್ನು ರೂಪಿಸಿ ಹೆಸರಾದವನು. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಆತ ಒಂದು ತಾಮ್ರದ ಪಾತ್ರೆಯಲ್ಲಿ ಕ್ಷಾರ ಬೆರೆಸಿದ ನೀರನ್ನು ತುಂಬಿ, ಅದರ ಮೇಲೆ ಗಾಳಿಯನ್ನು ಒತ್ತಿ ಇಟ್ಟು, ತಿರುಪು ತೆರೆದೊಡನೆ ನೀರು ತಾನಾಗಿಯೇ ಚಿಮ್ಮುವಂತೆ ಮಾಡಿ ತೋರಿಸಿದ. ಒಂದು ಪಾತ್ರೆ, ಅದರೊಳಗೆ ಬೆಂಕಿಯ ಮದ್ದು, ಮದ್ದನ್ನು ಹೊರಕ್ಕೆ ನೂಕುವ ಒತ್ತಡ: ಇನ್ನೂರು ವರ್ಷಗಳಲ್ಲಿ ಈ ಮೂರರಲ್ಲಿ ಒಂದೂ ಬದಲಾಗಿಲ್ಲ. ಬದಲಾಗಿರುವುದು ಪಾತ್ರೆಯೊಳಗಿನ ಮದ್ದು ಮಾತ್ರ. ಆ ಬದಲಾವಣೆಯ ಕಥೆಯೇ ಈ ಬಾಟಲಿಯ ನಿಜವಾದ ಚರಿತ್ರೆ.

20ನೆಯ ಶತಮಾನದ ಆರಂಭದಲ್ಲಿ ಮೋಟಾರು ಗಾಡಿಗಳು ಬಂದಾಗ ನೀರಿನ ಪಾತ್ರೆ ಸಾಲದಾಯಿತು. ಪೆಟ್ರೋಲು ನೀರಿಗಿಂತ ಹಗುರ. ನೀರು ಸುರಿದರೆ ಅದು ನೀರಿನ ಮೇಲೆಯೇ ತೇಲಿ ಉರಿಯನ್ನು ಹೊತ್ತುಕೊಂಡು ಹರಿಯುತ್ತದೆ. ಆದುದರಿಂದ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನು ತುಂಬಿದ ಹಿತ್ತಾಳೆಯ ಕೈಪಂಪುಗಳು ಬಳಕೆಗೆ ಬಂದವು. ಅಮೆರಿಕದ ಪೈರೀನ್ ಕಂಪನಿಯ ಪಂಪುಗಳು ಮೋಟಾರುಗಳಲ್ಲಿ ಮನೆಮಾತಾಗಿದ್ದವು. ಬೆಂಕಿಯನ್ನು ಅವು ಆರಿಸುತ್ತಿದ್ದುದೇನೋ ನಿಜ. ಆದರೆ ಈ ದ್ರವದ ಆವಿಯೇ ಯಕೃತ್ತಿಗೂ ಮೂತ್ರಪಿಂಡಕ್ಕೂ ವಿಷ. ಸಾಲದುದಕ್ಕೆ, ಕಾದ ಲೋಹದ ಮೇಲೆ ಬಿದ್ದಾಗ ಅದು ಫಾಸ್ಜೀನ್ ಅನಿಲವನ್ನು ಹುಟ್ಟಿಸಬಲ್ಲದು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಸೈನಿಕರನ್ನು ಕೊಂದ ಅನಿಲಗಳಲ್ಲಿ ಅದೂ ಒಂದು. ಉರಿಯಿಂದ ಪಾರಾದವನನ್ನು ಉಸಿರಿನಲ್ಲಿ ಹಿಡಿಯುವ ಮದ್ದು ಅದು. ಬಾಟಲಿ ಕಲಿಸಿದ ಮೊದಲನೆಯ ಪಾಠ ಇದು: ಬೆಂಕಿಯನ್ನು ಆರಿಸುವುದೆಲ್ಲ ಮನುಷ್ಯನನ್ನು ಉಳಿಸುವುದೆಂದು ನಂಬಬಾರದು.

ಎರಡನೆಯ ಪಾಠವನ್ನು ಫ್ರಾನ್ಸಿನ ಲ ಮಾನ್ ಪಟ್ಟಣ ಕಲಿಸಿತು. 1955ನೆಯ ಇಸವಿ ಜೂನ್ 11ರಂದು ಅಲ್ಲಿನ 24 ಗಂಟೆಗಳ ಓಟದಲ್ಲಿ ಪಿಯರ್ ಲೆವೆಗ್ ಎಂಬ ಚಾಲಕನ ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಗುಲಿ ಗಾಳಿಯಲ್ಲಿ ಹಾರಿ ಪ್ರೇಕ್ಷಕರ ಅಂಚಿನಲ್ಲಿ ಬಿದ್ದು ಒಡೆದು ಉರಿಯಿತು. ಲೆವೆಗ್‌ನ ಜೊತೆಗೆ ಎಂಬತ್ತಕ್ಕೂ ಹೆಚ್ಚು ಮಂದಿ ಪ್ರೇಕ್ಷಕರು ಅಂದು ಸತ್ತರು. ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ನಡೆದಿಲ್ಲ. ಬಹುಪಾಲು ಜನರನ್ನು ಕೊಂದದ್ದು ಹಾರಿಬಂದ ಕಾರಿನ ತುಂಡುಗಳು. ಆದರೆ ಆ ಉರಿಯದೂ ಒಂದು ವಿಶೇಷವಿತ್ತು. ಕಾರಿನ ಮೈ ಹಗುರವಾಗಿರಲೆಂದು ಅದನ್ನು ಮೆಗ್ನೀಸಿಯಂ ಬೆರೆತ ಲೋಹದಿಂದ ಮಾಡಿದ್ದರು. ಉರಿಯುವ ಮೆಗ್ನೀಸಿಯಂ ನೀರನ್ನೇ ಒಡೆದು ಜಲಜನಕವನ್ನು ಬಿಡಿಸುತ್ತದೆ; ಜಲಜನಕ ತಾನೂ ಉರಿಯುತ್ತದೆ. ರಕ್ಷಣೆಗೆ ಬಂದವರು ನೀರು ಹೊಡೆದಷ್ಟೂ ಉರಿ ಏರಿತು. ಹಗುರಾಗಬೇಕೆಂಬ ಆಸೆ, ವೇಗದ ಆಸೆ, ಕೊನೆಗೆ ನೀರನ್ನೂ ಶತ್ರುವಾಗಿಸಿತ್ತು.

ಈ ಪಾಠವನ್ನು ಕಲಿತವರು ಅಂದು ಕಡಮೆ. 1968ನೆಯ ಇಸವಿ ಜುಲೈ 7ರಂದು ರುಆನ್ ಎಂಬಲ್ಲಿ ನಡೆದ ಫ್ರೆಂಚ್ ಪಂದ್ಯದಲ್ಲಿ ಮೆಗ್ನೀಸಿಯಂ ಮೈಯ ಹೊಂಡಾ ಕಾರಿನಲ್ಲಿ ಜೋ ಶ್ಲೆಸರ್ ಸುಟ್ಟುಹೋದ. 1970ನೆಯ ಇಸವಿ ಜೂನ್ 21ರಂದು ಹಾಲೆಂಡಿನ ಜಾಂಡ್ವೂರ್ಟ್ ಪಂದ್ಯದಲ್ಲಿ ಪಿಯರ್ಸ್ ಕರೇಜ್ ಸತ್ತ, ಅವನ ಕಾರೂ ಹೊತ್ತಿ ಉರಿಯಿತು. ಅವನ ಕಾರಿನಲ್ಲಿಯೂ ಮೆಗ್ನೀಸಿಯಂ ಇತ್ತು. ಈ ನಡುವೆ 1967ನೆಯ ಇಸವಿ ಮೇ 7ರಂದು ಮೊನಾಕೋ ಪಂದ್ಯದಲ್ಲಿ ಲೊರೆಂಜೊ ಬಂದೀನಿಯ ಕಾರು ಮಗುಚಿ ಹೊತ್ತಿಕೊಂಡಾಗ, ಕಾರುಗಳು ತಾಕಿದರೆ ಪೆಟ್ಟಾಗದಿರಲೆಂದು ಹಾದಿಯ ಬದಿಯಲ್ಲಿ ಜೋಡಿಸಿದ್ದ ಹುಲ್ಲಿನ ಪಿಂಡಿಗಳೇ ಬೆಂಕಿಗೆ ಮೇವಾದವು. ಮೂರು ದಿನಗಳ ಬಳಿಕ ಅವನು ತೀರಿಕೊಂಡ. ರಕ್ಷಣೆಗೆಂದು ಇಟ್ಟದ್ದು ಚಿತೆಯ ಸೌದೆಯಾಗಿತ್ತು.

ಅಮೆರಿಕದಲ್ಲಿ 1964ನೆಯ ಇಸವಿ ಮೇ 30ರಂದು ಇಂಡಿಯಾನಾಪೊಲಿಸ್ ಪಂದ್ಯದ ಎರಡನೆಯ ಸುತ್ತಿನಲ್ಲಿಯೇ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮೆಕ್ಡೊನಾಲ್ಡ್ ಎಂಬ ಇಬ್ಬರು ಪೆಟ್ರೋಲಿನ ಉರಿಗೆ ಬಲಿಯಾದರು. ಅಲ್ಲಿಯವರು ಬಾಟಲಿಯ ಕಡೆ ನೋಡುವ ಮೊದಲು ಇಂಧನದ ಕಡೆ ನೋಡಿದರು. ಮರುವರ್ಷದಿಂದ ಅಲ್ಲಿ ಪೆಟ್ರೋಲು ಹಿಂದೆ ಸರಿದು ಮೆಥನಾಲ್ ಮುಂದೆ ಬಂತು. ಇಂಧನದ ತೊಟ್ಟಿಗಳಿಗೆ ಒಡೆಯದ ರಬ್ಬರಿನ ಚೀಲಗಳು ಬಂದವು. ಮೆಥನಾಲಿನ ಬೆಂಕಿಯನ್ನು ನೀರಿನಿಂದ ಆರಿಸಬಹುದು. ಆದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಒಂದು ಅಪಾಯವನ್ನು ಕಳೆದುಕೊಂಡು ಇನ್ನೊಂದನ್ನು ಕೊಂಡಂತೆ ಆಯಿತು.

ಕಾರಿನೊಳಗೇ ಬಾಟಲಿ ಇರಬೇಕೆಂಬ ಮಾತು 1960ರ ದಶಕದ ಕೊನೆಯಲ್ಲಿ ಫಾರ್ಮುಲಾ ಒಂದರ ನಿಯಮಗಳಲ್ಲಿ ತಲೆಯೆತ್ತಿತು. ಅದಕ್ಕೆ ಗಟ್ಟಿತನ ಬಂದದ್ದು ಮಾತ್ರ ಒಂದು ಸಾವಿನ ಬಳಿಕ. 1971ನೆಯ ಇಸವಿ ಅಕ್ಟೋಬರ್ 24ರಂದು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಜೋ ಸಿಫರ್ಟ್ ಎಂಬ ಚಾಲಕನ ಕಾರು ದಂಡೆಗೆ ಬಡಿದು ಮಗುಚಿ ಹೊತ್ತಿಕೊಂಡಿತು. ಬಡಿತದಿಂದ ಅವನು ಸತ್ತಿರಲಿಲ್ಲ. ಕಾಪಾಡಲು ಓಡಿಬಂದವರೂ ಇದ್ದರು. ಅವರ ಕೈಯಲ್ಲಿ ಬೆಂಕಿಯಾರಿಸುವ ಬಾಟಲಿಗಳೂ ಇದ್ದವು. ಆದರೆ ಹಾದಿಯ ಬದಿಯ ಆ ಬಾಟಲಿಗಳು ಕೆಲಸ ಮಾಡಲಿಲ್ಲ. ಕಾರಿನ ಹತ್ತಿರ ಹೋಗಲಾರದಷ್ಟು ಉರಿ ಎದ್ದಿತು. ಸಿಫರ್ಟ್ ಸತ್ತದ್ದು ಹೊಗೆ ಕುಡಿದು ಎಂಬುದು ಆಮೇಲಿನ ವಿಚಾರಣೆಯಲ್ಲಿ ಗೊತ್ತಾಯಿತು.

ಈ ಸಂಗತಿಯನ್ನು ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಬಾವಿ ಇತ್ತು; ಅದರಲ್ಲಿ ನೀರು ಬರಲಿಲ್ಲ. ಬಾಟಲಿ ಇಲ್ಲದೆ ಸತ್ತವರ ಕಥೆಯನ್ನು ಕೇಳಿದಾಗ ನಾವು ಬಾಟಲಿ ಇಡಬೇಕು ಎನ್ನುತ್ತೇವೆ. ಬಾಟಲಿ ಇದ್ದೂ ಸತ್ತವನ ಕಥೆಗೆ ಏನೆನ್ನಬೇಕು? ಸಿಫರ್ಟ್‌ನ ಸಾವಿನ ನಂತರ ಕಾರಿನೊಳಗಿನ ಬಾಟಲಿ ಕಡ್ಡಾಯದ ವಸ್ತುವಾಯಿತು. ಚಾಲಕನ ಶಿರಸ್ತ್ರಾಣದೊಳಕ್ಕೆ ಕೊಳವೆಯಲ್ಲಿ ಉಸಿರಾಟದ ಗಾಳಿಯನ್ನು ಬಿಡುವ ಏರ್ಪಾಡೂ ಬಂತು. ಆದರೆ ಆ ಸಾವು ಕೇಳಿದ ಪ್ರಶ್ನೆ ಬಾಟಲಿ ಇದೆಯೇ ಎಂಬುದಲ್ಲ. ಇರುವ ಬಾಟಲಿಯನ್ನು ಕೊನೆಯ ಸಲ ತೆರೆದು ನೋಡಿದವರು ಯಾರು, ಯಾವಾಗ, ಎಂಬುದು ಆ ಪ್ರಶ್ನೆ.

ಬಾಟಲಿಯ ಮಿತಿ ಏನೆಂಬುದನ್ನು ಎರಡು ವರ್ಷಗಳ ಮೇಲೆ ಜಗತ್ತು ಕಣ್ಣಾರೆ ಕಂಡಿತು. 1973ನೆಯ ಇಸವಿ ಜುಲೈ 29, ಮತ್ತೆ ಅದೇ ಜಾಂಡ್ವೂರ್ಟ್. 25 ವರ್ಷದ ರೋಜರ್ ವಿಲಿಯಮ್‌ಸನ್‌ಗೆ ಅದು ಫಾರ್ಮುಲಾ ಒಂದರ ಎರಡನೆಯ ಪಂದ್ಯ. ಕಾರು ತಲೆಕೆಳಗಾಗಿ ಉರಿಯತೊಡಗಿತು. ಅವನಿಗೆ ಹೆಚ್ಚಿನ ಪೆಟ್ಟಾಗಿರಲಿಲ್ಲವೆಂದೇ ನಂಬಲಾಗಿದೆ. ಕಾರಿನಡಿ ಸಿಕ್ಕಿಕೊಂಡಿದ್ದ, ಅಷ್ಟೆ. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರನ್ನು ನಿಲ್ಲಿಸಿ ಹಾದಿಗೆ ಅಡ್ಡ ಓಡಿಹೋದ. ಕಾರನ್ನು ಮಗುಚಲು ನೋಡಿದ. ಒಬ್ಬನ ಕೈಗೆ ಅದು ಬಗ್ಗಲಿಲ್ಲ. ಅಲ್ಲಿದ್ದ ಮಾರ್ಷಲರು ಎಂಬ ಸ್ವಯಂಸೇವಕರಿಗೆ ಬೆಂಕಿ ತಡೆಯುವ ಉಡುಪು ಇರಲಿಲ್ಲ. ಒಬ್ಬನ ಕೈಯಿಂದ ಬಾಟಲಿಯನ್ನು ಕಿತ್ತುಕೊಂಡು ಪರ್ಲಿ ಉರಿಯ ಮೇಲೆ ಹೊಡೆದ. ಅದು ಮುಗಿಯಿತು. ಇನ್ನೊಂದು ಇರಲಿಲ್ಲ. ಪಂದ್ಯ ನಿಲ್ಲಲಿಲ್ಲ, ಮಿಕ್ಕ ಕಾರುಗಳು ಹೊಗೆಯ ಪಕ್ಕದಲ್ಲಿ ಸುತ್ತು ಹಾಕುತ್ತಲೇ ಇದ್ದವು. ಬೆಂಕಿಯ ಗಾಡಿ ಬರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಬರಿಗೈಯಲ್ಲಿ ತಲೆ ತಗ್ಗಿಸಿ ಹಿಂದಿರುಗಿದ ಪರ್ಲಿಯ ಚಿತ್ರಗಳು ಉಳಿದುಕೊಂಡಿವೆ. ಅವನ ಧೈರ್ಯಕ್ಕೆ ಬ್ರಿಟನ್ ಜಾರ್ಜ್ ಪದಕವನ್ನು ಕೊಟ್ಟಿತು. ಪದಕ ಸಂದದ್ದು ಸರಿಯೆ. ಆದರೆ ಅಂದು ಅವನಿಗೆ ಬೇಕಾಗಿದ್ದುದು ಮತ್ತೊಂದು ತುಂಬಿದ ಬಾಟಲಿ ಮತ್ತು ಕಾರಿಗೆ ಹೆಗಲು ಕೊಡುವ ಮೂರು ಜನ.

ಆ ಮಾತು ನಿಜವೆಂಬುದಕ್ಕೆ ಸಾಕ್ಷಿ 1976ನೆಯ ಇಸವಿ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಸಿಕ್ಕಿತು. ನಿಕಿ ಲೌಡಾನ ಫೆರಾರಿ ಹೊತ್ತಿಕೊಂಡಾಗ ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟಲ್ ಎಂಬ ನಾಲ್ವರು ಚಾಲಕರು ತಮ್ಮ ತಮ್ಮ ಕಾರುಗಳನ್ನು ನಿಲ್ಲಿಸಿ ನುಗ್ಗಿ ಅವನನ್ನು ಎಳೆದು ತಂದರು. ಮುಖ ಸುಟ್ಟು, ಹೊಗೆಯಿಂದ ಶ್ವಾಸಕೋಶ ಕೆಟ್ಟು, ಸಾವಿನ ಬಾಗಿಲನ್ನು ಕಂಡ ಲೌಡಾ ಆರು ವಾರಗಳಲ್ಲಿ ಮತ್ತೆ ಕಾರು ಹತ್ತಿದ.

ಇದೇ ಚರಿತ್ರೆಯಲ್ಲಿ ಬಾಟಲಿಯೇ ಯಮನಾದ ಘಟನೆಯೊಂದುಂಟು. 1977ನೆಯ ಇಸವಿ ಮಾರ್ಚ್ 5ರಂದು ದಕ್ಷಿಣ ಆಫ್ರಿಕದ ಕ್ಯಾಲಾಮಿ ಪಂದ್ಯದಲ್ಲಿ ರೆಂಜೊ ಜೋರ್ಜಿಯ ಕಾರು ಹಾದಿಯ ಪಕ್ಕ ನಿಂತು ಸಣ್ಣದಾಗಿ ಹೊತ್ತಿಕೊಂಡಿತು. ಶಿರಸ್ತ್ರಾಣಕ್ಕೆ ಸೇರಿದ ಗಾಳಿಯ ಕೊಳವೆಯನ್ನು ಬಿಡಿಸಿಕೊಳ್ಳಲು ಅವನು ತುಸು ತಡಮಾಡಿದ. ಎದುರು ಬದಿಯಲ್ಲಿದ್ದ ಇಬ್ಬರು ಮಾರ್ಷಲರು ಹಾದಿಯನ್ನು ದಾಟಿ ಅವನತ್ತ ಓಡಿದರು. ಅವರಲ್ಲೊಬ್ಬ ಫ್ರೆಡರಿಕ್ ಯಾನ್ಸೆನ್ ವಾನ್ ವೂರೆನ್, ಹತ್ತೊಂಬತ್ತರ ಹುಡುಗ. ಕೈಯಲ್ಲಿ ಸುಮಾರು 18 ಕಿಲೋ ತೂಕದ ಬಾಟಲಿ. ದಿಬ್ಬದ ಆಚೆಯಿಂದ ಬರುತ್ತಿದ್ದ ಟಾಮ್ ಪ್ರೈಸ್‌ಗೆ ಅವನು ಕಾಣುವಂತಿರಲಿಲ್ಲ. ಕಾರು ಬಡಿದು ಹುಡುಗ ಅಲ್ಲಿಯೇ ಸತ್ತ. ಹಾರಿದ ಬಾಟಲಿ ತಲೆಗೆ ಬಡಿದು ಪ್ರೈಸ್ ಸತ್ತ. ಜೋರ್ಜಿ ಕಾರಿನಿಂದ ಇಳಿದು ಬದುಕಿದ. ದೂರದಿಂದ ಬಾಟಲಿಯನ್ನು ಹೊತ್ತು ಓಡಬೇಕಾದಲ್ಲಿ ಇಂಥದು ನಡೆಯುತ್ತದೆ. ಕಾರಿನೊಡಲಿನ ಬಾಟಲಿಗೆ ಇರುವ ಬೆಲೆ ಇದರಿಂದ ತಿಳಿಯುತ್ತದೆ: ಅದು ಯಾರನ್ನೂ ಹಾದಿ ದಾಟಿಸದೆ ಬೆಂಕಿಯ ಬಳಿಯಲ್ಲಿಯೇ ಕಾದಿರುತ್ತದೆ.

ಇನ್ನು ಬಾಟಲಿಯ ಒಳಗಿನ ಮಾತು. ವಿಷದ ಟೆಟ್ರಾಕ್ಲೋರೈಡಿನ ಸ್ಥಾನಕ್ಕೆ ಬಂದದ್ದು ಹ್ಯಾಲಾನ್ ಎಂಬ ಅನಿಲಗಳ ಕುಲ. ವಿಮಾನಗಳಿಂದ ಅದು ಪಂದ್ಯದ ಕಾರುಗಳಿಗೆ ಇಳಿಯಿತು. ಅದಕ್ಕೆ ಎಣೆಯಾದ ಮದ್ದು ಇನ್ನೊಂದಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ನೀರಿನಂತೆ ಅದು ಬೆಂಕಿಯನ್ನು ತಣಿಸಿ ಕೊಲ್ಲುವುದಲ್ಲ. ಉರಿಯುವ ರಾಸಾಯನಿಕ ಕ್ರಿಯೆಯ ಸರಪಳಿಯನ್ನೇ ನಡುವೆ ಕಡಿಯುತ್ತದೆ. ಸ್ವಲ್ಪವೇ ಸಾಕು, ಕಲೆ ಉಳಿಯುವುದಿಲ್ಲ, ತೂಕ ಕಡಮೆ. ಆದರೆ ಅದರಲ್ಲಿರುವ ಬ್ರೋಮಿನ್ ಆಕಾಶಕ್ಕೆ ಏರಿ, ಸೂರ್ಯನ ಉಗ್ರ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ತಿನ್ನುತ್ತದೆಂಬುದು ಆಮೇಲೆ ತಿಳಿಯಿತು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಆ ಪದರ ಸವೆದಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದರು. 1987ನೆಯ ಇಸವಿ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮುಂದುವರಿದ ದೇಶಗಳಲ್ಲಿ 1993ರ ಕೊನೆಗೆ ಹ್ಯಾಲಾನಿನ ತಯಾರಿಕೆ ನಿಂತಿತು. ಯೂರೋಪಿನ ಒಕ್ಕೂಟದಲ್ಲಿ, ಕೆಲವು ಅನಿವಾರ್ಯ ಬಳಕೆಗಳನ್ನು ಬಿಟ್ಟು, ಇದ್ದ ಬಾಟಲಿಗಳನ್ನೂ 2003ರ ಕೊನೆಯೊಳಗೆ ಕಳಚಿಡಬೇಕಾಯಿತು. ಕಾರು ಇದೆ, ಬಾಟಲಿ ಇದೆ, ಕೊಳವೆ ಇದೆ. ತುಂಬಿಸಿಕೊಳ್ಳಲು ಹೋದರೆ ತುಂಬುವವನು ಕೈಯಾಡಿಸುತ್ತಾನೆ. ಒಬ್ಬ ಚಾಲಕನನ್ನು ಕಾಯುವ ಮದ್ದು ಎಲ್ಲರ ತಲೆಯ ಮೇಲಿನ ಚಪ್ಪರವನ್ನು ಸುಡುತ್ತಿತ್ತು.

ಅದರ ಬದಲು ಬಂದದ್ದು ನೊರೆ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆ ತ್ರೀಎಂ ಕಂಪನಿಯೊಡನೆ ಕೂಡಿ ರೂಪಿಸಿದ ಈ ನೊರೆಗೆ ‘ಎ ಟ್ರಿಪಲ್ ಎಫ್’ ಎಂದು ಹೆಸರು. ಪೆಟ್ರೋಲಿನ ಮೇಲೆ ನೀರು ನಿಲ್ಲದೆಂದು ಮೊದಲು ಹೇಳಿದೆವಷ್ಟೆ. ಈ ನೊರೆಯಿಂದ ಬಸಿದ ನೀರು ಪೆಟ್ರೋಲಿನ ಮೇಲೆ ತೆಳ್ಳನೆಯ ಪೊರೆಯಾಗಿ ಹರಡಿ, ಆವಿ ಮೇಲೇಳದಂತೆ ಮುಚ್ಚುತ್ತದೆ. ನೀರಿನ ಸ್ವಭಾವವನ್ನೇ ತಿದ್ದಿದಂತೆ. ಇದನ್ನು ಸಾಧಿಸಿಕೊಟ್ಟದ್ದು ಫ್ಲೋರಿನ್ ಸೇರಿದ ಕೆಲವು ಸಂಯುಕ್ತಗಳು. ಈಗ ಅವುಗಳ ಮೇಲೂ ಆರೋಪ ಬಂದಿದೆ. ಪಿಫಾಸ್ ಎಂಬ ಈ ಸಂಯುಕ್ತಗಳು ಮಣ್ಣಿನಲ್ಲಿ, ನೀರಿನಲ್ಲಿ, ಮನುಷ್ಯನ ನೆತ್ತರಿನಲ್ಲಿ ಕರಗದೆ ಕೊಳೆಯದೆ ಉಳಿಯುತ್ತವೆ. ಇಂಥ ಸಂಯುಕ್ತಗಳ ತಯಾರಿಕೆಯನ್ನೇ 2025ರ ಕೊನೆಯೊಳಗೆ ಬಿಡುವುದಾಗಿ ತ್ರೀಎಂ ಕಂಪನಿ 2022ರ ಡಿಸೆಂಬರಿನಲ್ಲಿ ಸಾರಿತು. ಫ್ಲೋರಿನ್ ಇಲ್ಲದ ನೊರೆಗಳು ಒಂದೊಂದಾಗಿ ಬಾಟಲಿಗಳಿಗೆ ಇಳಿಯುತ್ತಿವೆ. ಮೂರನೆಯ ಸಲ ಅದೇ ಕಥೆ. ಪ್ರತಿಯೊಂದು ಕಾಲವೂ ತನಗೆ ತಿಳಿದ ಉತ್ತಮವಾದ ಮದ್ದನ್ನು ಬಾಟಲಿಗೆ ತುಂಬಿತು. ಮುಂದಿನ ಕಾಲ ಅದನ್ನು ಚೆಲ್ಲಿ ತೊಳೆಯಬೇಕಾಯಿತು. ಬಾಟಲಿ ಹಿಂದಿನವರದು, ತುಂಬುವ ವಿವೇಕ ಇಂದಿನವರದು.

ಹಾಗಾದರೆ ತುಂಬುವುದು ಹೇಗೆ? ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಫಿಯಾದ ನಿಯಮದಂತೆ ಪ್ರತಿಯೊಂದು ಬಾಟಲಿಯ ಮೈಮೇಲೆ ಅದರ ಗಾತ್ರ, ಒಳಗಿರುವ ಮದ್ದಿನ ಹೆಸರು, ಅದರ ತೂಕ ಅಥವಾ ಅಳತೆ, ಪರೀಕ್ಷೆಗೆ ಒಯ್ಯಬೇಕಾದ ದಿನ, ಇಷ್ಟೂ ಕಾಣುವಂತೆ ಬರೆದಿರಬೇಕು. ತುಂಬಿದ ದಿನದಿಂದ, ಇಲ್ಲವೇ ಹಿಂದಿನ ಪರೀಕ್ಷೆಯ ದಿನದಿಂದ, ಎರಡು ವರ್ಷ ಮೀರಬಾರದು. ಪಂದ್ಯದ ಮುನ್ನ ಕಾರನ್ನು ಪರೀಕ್ಷಿಸುವ ಅಧಿಕಾರಿ ಮೊದಲು ನೋಡುವ ಬರಹಗಳಲ್ಲಿ ಇದೂ ಒಂದು. ದಿನ ಮೀರಿದ್ದರೆ, ಬಾಟಲಿ ತುಂಬಿ ತುಳುಕುತ್ತಿದ್ದರೂ, ಅದು ಅವನ ಲೆಕ್ಕದಲ್ಲಿ ಬರಿದು.

ಇದು ಬರಿಯ ಕಾಗದದ ಹಟವೆಂದು ಹೊಸಬರಿಗೆ ತೋರಬಹುದು. ಬಾಟಲಿಯ ಕುತ್ತಿಗೆಯ ಬಳಿ ಒತ್ತಡದ ಗಡಿಯಾರವಿದೆ, ಅದರ ಮುಳ್ಳು ಹಸಿರು ಗೆರೆಯಲ್ಲಿದೆ, ಸಾಲದೆ? ಸಾಲದು. ಮುಳ್ಳು ಹೇಳುವುದು ಒತ್ತಡವನ್ನು ಮಾತ್ರ; ಮದ್ದಿನ ಸುದ್ದಿ ಅದಕ್ಕೆ ತಿಳಿಯದು. ಇಂಗಾಲಾಮ್ಲದ ಬಾಟಲಿಗಂತೂ ಆ ಮುಳ್ಳೂ ಇರುವುದಿಲ್ಲ, ತೂಗಿಯೇ ತಿಳಿಯಬೇಕು. ಒಳಗೆ ರಬ್ಬರಿನ ಬಳೆಗಳು ಗಡುಸಾಗಿರಬಹುದು. ನೊರೆಯ ದ್ರಾವಣ ಒಡೆದು ತಳ ಸೇರಿರಬಹುದು. ಲೋಹ ಒಳಗಿನಿಂದ ತುಕ್ಕು ಹಿಡಿದಿರಬಹುದು. ಹೊರಗೆ ಕೆಂಪು ಬಣ್ಣ ಮಿರುಗುತ್ತಲೇ ಇರುತ್ತದೆ.

ಆದುದರಿಂದ ಬಾಟಲಿಯನ್ನು ಕಾರಿನಿಂದ ಬಿಚ್ಚಿ, ಅದನ್ನು ಮಾಡಿದವರು ಒಪ್ಪಿದ ಕಾರ್ಯಾಗಾರಕ್ಕೆ ಒಯ್ಯುತ್ತಾರೆ. ಬಿಚ್ಚುವ ಮೊದಲು ಬೀಗದ ಮೊಳೆಯನ್ನು ಹಾಕಿ, ವಿದ್ಯುತ್ತಿನ ತಂತಿಯನ್ನು ಕಳಚಬೇಕು. ಇಲ್ಲದಿದ್ದರೆ ನೊರೆಯ ಸ್ನಾನ ಖಂಡಿತ. ದೂರದ ಊರಿಗೆ ಕಳಿಸುವುದಾದರೆ ಅದು ಒತ್ತಡ ತುಂಬಿದ ಪಾತ್ರೆಯಾದ ಕಾರಣ ಅಪಾಯದ ಸರಕಿನ ನಿಯಮಗಳು ಅಡ್ಡ ಬರುತ್ತವೆ. ಕಾರ್ಯಾಗಾರದಲ್ಲಿ ಮೊದಲು ತೂಗುತ್ತಾರೆ. ಮೈಮೇಲೆ ನೆಗ್ಗು ಗೀರುಗಳನ್ನು ಹುಡುಕುತ್ತಾರೆ. ಹಳೆಯ ಮದ್ದನ್ನು ಚರಂಡಿಗೆ ಬಿಡದೆ ಬೇರೆ ಪಾತ್ರೆಗೆ ಇಳಿಸುತ್ತಾರೆ. ಕವಾಟವನ್ನು ಬಿಚ್ಚಿ, ಒಳಗನ್ನು ತೊಳೆದು ಒಣಗಿಸಿ, ರಬ್ಬರಿನ ಬಳೆಗಳನ್ನು ಬದಲಿಸುತ್ತಾರೆ. ಅಳೆದ ಮದ್ದನ್ನು ಹಾಕಿ, ತೇವವಿಲ್ಲದ ಸಾರಜನಕದಿಂದ ಒತ್ತಡ ಏರಿಸುತ್ತಾರೆ. ಸೋರಿಕೆ ನೋಡಿ, ಮತ್ತೆ ತೂಗಿ, ಹೊಸ ದಿನಾಂಕದ ಚೀಟಿಯನ್ನು ಅಂಟಿಸುತ್ತಾರೆ. ಕಾರಿನಲ್ಲಿ ಉಳಿದ ಕೊಳವೆಗಳನ್ನೂ ಅವುಗಳ ಬಾಯಿಗಳನ್ನೂ ನೋಡಬೇಕು. ಧೂಳು ಕಟ್ಟಿದ ಬಾಯಿಯಲ್ಲಿ ತುಂಬಿದ ಬಾಟಲಿಯೂ ಮೂಕ. ಎಲ್ಲ ಮುಗಿದ ಮೇಲೆ ಪಂದ್ಯಕ್ಕೆ ಹೊರಡುವಾಗ ಬೀಗದ ಮೊಳೆಯನ್ನು ತೆಗೆಯಲು ಮರೆಯಬಾರದು. ಇಷ್ಟೂ ಸರಿಯಾಗಿದ್ದು, ಆ ಒಂದು ಮೊಳೆ ಉಳಿದರೆ ಇಷ್ಟೂ ವ್ಯರ್ಥ.

ಇಷ್ಟು ಮಾಡಿ ಸಿಗುವುದೇನು? ಕೆಲವು ಕ್ಷಣಗಳು. ಬಾಟಲಿಯೊಳಗಿನದು ಕನಿಷ್ಠ 10, ಗರಿಷ್ಠ 30 ಸೆಕೆಂಡುಗಳಲ್ಲಿ ಹೊರಬರುವಂತಿರಬೇಕೆಂದು ಫಾರ್ಮುಲಾ ಒಂದರ ನಿಯಮಾವಳಿ ಬಹುಕಾಲ ವಿಧಿಸಿತ್ತು. ಕಾರು ಮಗುಚಿ ಬಿದ್ದರೂ ಅದು ಚಿಮ್ಮಲೇಬೇಕು. ಚಾಲಕನಿಗೆ ಎಚ್ಚರ ತಪ್ಪಿದ್ದರೆ ಹೊರಗಿನವರು ಎಳೆಯಲೆಂದು ಇನ್ನೊಂದು ಹಿಡಿ ಇರುತ್ತದೆ. ಕೆಂಪು ಅಂಚಿನ ಬಿಳಿಯ ವೃತ್ತದೊಳಗೆ ‘ಇ’ ಎಂಬ ಕೆಂಪು ರೋಮನ್ ಅಕ್ಷರ ಅದರ ಗುರುತು. ದೊಡ್ಡ ಬೆಂಕಿಯನ್ನು ಈ ಪುಟ್ಟ ಬಾಟಲಿ ಆರಿಸಲಾರದು. ಪಟ್ಟಿ ಬಿಚ್ಚಿಕೊಂಡು ಹೊರಬರುವಷ್ಟು ಹೊತ್ತು ಅದನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ನಮ್ಮ ಭಾಷೆ ಇದನ್ನು ಅರಿತಂತಿದೆ. ಬೆಂಕಿಯ ದಳವನ್ನು ನಾವು ಅಗ್ನಿಶಾಮಕ ದಳವೆನ್ನುತ್ತೇವೆ. ಶಾಮಕನೆಂದರೆ ಕೊಲ್ಲುವವನಲ್ಲ, ಶಾಂತಗೊಳಿಸುವವನು.

ಆ ಕೆಲವು ಕ್ಷಣಗಳ ಬೆಲೆ ಎಷ್ಟೆಂಬುದು 2020ನೆಯ ಇಸವಿ ನವೆಂಬರ್ 29ರಂದು ಬಹರೈನಿನಲ್ಲಿ ತಿಳಿಯಿತು. ರೊಮೇನ್ ಗ್ರೋಜಾನ್‌ನ ಕಾರು ಮೊದಲನೆಯ ಸುತ್ತಿನಲ್ಲಿಯೇ ಉಕ್ಕಿನ ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಬೆಂಕಿಯ ಚೆಂಡಾಯಿತು. ಸುಮಾರು 28 ಸೆಕೆಂಡು ಅವನು ಆ ಉರಿಯಲ್ಲಿದ್ದ. ತಲೆಯನ್ನು ಕಾಯುವ ಕಮಾನು, ಬೆಂಕಿ ತಡೆಯುವ ಉಡುಪು, ಹಿಂದೆಯೇ ಬಂದ ವೈದ್ಯರ ಕಾರು, ಅದರಿಂದಿಳಿದು ಬಾಟಲಿಯಿಂದ ದಾರಿ ಬಿಡಿಸಿದವರು, ಎಲ್ಲವೂ ಕೂಡಿ ಬಂದವು. ಕೈಗಳು ಸುಟ್ಟವು, ಜೀವ ಉಳಿಯಿತು. ಸಿಫರ್ಟ್, ವಿಲಿಯಮ್‌ಸನ್ ಮೊದಲಾದವರಿಗೆ ಸಿಗದ 28 ಸೆಕೆಂಡುಗಳು ಅವರ ಸಾವಿನ ಫಲವಾಗಿ ಅವನಿಗೆ ಸಿಕ್ಕವು. ಆದರೆ ಅದೇ ಪಂದ್ಯದ ಕೊನೆಯ ಸುತ್ತುಗಳಲ್ಲಿ ಬೇರೊಂದು ಕಾರು ಹೊತ್ತಿಕೊಂಡಾಗ, ಮಾರ್ಷಲನೊಬ್ಬ ಬಾಟಲಿ ಹಿಡಿದು, ಬರುತ್ತಿದ್ದ ಕಾರಿನ ಮುಂದೆಯೇ ಹಾದಿಯನ್ನು ಅಡ್ಡ ದಾಟಿದ. ಕ್ಯಾಲಾಮಿಯನ್ನು ಬಲ್ಲವರ ಎದೆ ಝಲ್ಲೆಂದಿತು. ಅಂದು ಏನೂ ಆಗಲಿಲ್ಲ. ಪಾಠಗಳಿಗೂ ಅವಧಿಯುಂಟು, ಅವನ್ನೂ ಆಗಾಗ ತುಂಬಿಸಿಕೊಳ್ಳಬೇಕು.

ಪಂದ್ಯದ ಕಾರುಗಳ ಈ ಮಾತು ಪಟ್ಟಣವಾಸಿಗಳಾದ ನಮಗೆ ಅಷ್ಟೊಂದು ಹೊರಗಿನದಲ್ಲ. 2010ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಮಂದಿ ಹೋದರು. ಅಲ್ಲಿಯೂ ಉರಿಗಿಂತ ಹೊಗೆಯೇ ಜನರನ್ನು ಕಂಗೆಡಿಸಿತು. ನಮ್ಮ ಕಚೇರಿ, ಕಾಲೇಜು, ಚಿತ್ರಮಂದಿರಗಳ ಗೋಡೆಗಳಲ್ಲಿ ಕೆಂಪು ಬಾಟಲಿಗಳು ನೇತಾಡುತ್ತವೆ. ಅವುಗಳ ಪರೀಕ್ಷೆಗೂ ಭಾರತೀಯ ಮಾನಕ ಸಂಸ್ಥೆಯ ಕ್ರಮವುಂಟು; ಅವುಗಳ ಕೊರಳಲ್ಲಿಯೂ ದಿನಾಂಕದ ಚೀಟಿ ತೂಗುತ್ತದೆ. ದಿನವೂ ಅದರ ಪಕ್ಕದಲ್ಲಿ ನಡೆದುಹೋಗುವವರಲ್ಲಿ ಆ ಚೀಟಿಯನ್ನು ಓದುವವರು ಎಷ್ಟು ಮಂದಿ?

ಇಪ್ಪತ್ತು ವರ್ಷ ಪಂದ್ಯಗಳಲ್ಲಿ ಓಡಿ, ಒಂದು ಸಲವೂ ಆ ಗುಂಡಿಯನ್ನು ಒತ್ತದೆ ಮನೆ ಸೇರುವ ಚಾಲಕರೇ ಹೆಚ್ಚು. ಅಷ್ಟು ಕಾಲದಲ್ಲಿ ಅಂಥವನು ಹತ್ತು ಸಲ ಬಾಟಲಿಯನ್ನು ಬಿಚ್ಚಿ ಕೊಂಡೊಯ್ದಿರುತ್ತಾನೆ. ಬಳಸದ ಮದ್ದನ್ನು ಹತ್ತು ಸಲ ಚೆಲ್ಲಿಸಿ, ಹತ್ತು ಸಲ ತುಂಬಿಸಿ, ಹತ್ತು ಸಲ ದುಡ್ಡು ಕೊಟ್ಟಿರುತ್ತಾನೆ. ಅದನ್ನು ದಂಡವೆಂದು ಅವನು ಲೆಕ್ಕ ಹಿಡಿಯುವುದಿಲ್ಲ.